ಬಿಳಿ ಅಂಗಿಯ ತಿಗಣೆ

ಬಾಲ್ಕನಿಯ ಎಚಿವೇರಿಯಾ ಗಿಡದ ಎಲೆಸಂದಿಯಲ್ಲಿ ಹತ್ತಿಯ ಎಳೆಯಂಥದ್ದೇನೋ ಕಂಡಾಗ ಬೂಷ್ಟು ಹಿಡಿದಿದೆ ಎಂದುಕೊಂಡು ನೀರು ಹಾಕುವುದನ್ನೇ ನಿಲ್ಲಿಸಿದೆ. ಹದಿನೈದು ದಿನ ಕಳೆದರೂ ಬೂಷ್ಟು ಒಣಗಲಿಲ್ಲ, ಪಕ್ಕದ ಜೇಡ್ ಗಿಡಕ್ಕೂ ದಾಟಿತು. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ಬೂಷ್ಟಿಗೆ ಕಾಲುಗಳಿದ್ದವು.

ಅದು ಹಿಟ್ಟು ತಿಗಣೆ. ದ್ರಾಕ್ಷಿ, ದಾಳಿಂಬೆ, ಕಾಫಿ ಬೆಳೆಯುವವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹಿಪ್ಪುನೇರಳೆಯ ಕುಡಿ ಮುರುಟಿಸುವ ‘ಟುಕ್ರಾ’ ಕೂಡ ಇದರ ದಾಯಾದಿಯದೇ ಕಿತಾಪತಿ. ಮೂರ‍್ನಾಲ್ಕು ಮಿಲಿಮೀಟರಿನ ಮೆತ್ತನೆ ಮೈ, ಅಕ್ಕಿ ಹಿಟ್ಟಿನಲ್ಲಿ ಹೊರಳಾಡಿ ಎದ್ದು ಬಂದಂತೆ ಕಾಣುತ್ತದೆ. ನಾವು ನೋಡುವುದೆಲ್ಲ ಹೆಣ್ಣುಗಳನ್ನೇ. ಗಂಡು ಸೊಳ್ಳೆಯಂಥ ಪುಟ್ಟ ರೆಕ್ಕೆಹುಳು. ಬೆಳೆದ ಮೇಲೆ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ, ಕೂಡಿ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಹೆಣ್ಣಿನ ಬಾಯಿ ಮಾತ್ರ ಬೆರಗು ಹುಟ್ಟಿಸುವಂಥದ್ದು. ಕೂದಲಿಗಿಂತ ತೆಳುವಾದ ಕೊಳವೆಯನ್ನು ಎಲೆಯೊಳಗೆ ಇಳಿಬಿಟ್ಟು, ಸಕ್ಕರೆ ಸಾಗಿಸುವ ನಾಳವನ್ನೇ ಹುಡುಕಿ ಚುಚ್ಚುತ್ತದೆ. ಆ ರಸದಲ್ಲಿ ಸಕ್ಕರೆ ಧಾರಾಳ, ಮೈ ಬೆಳೆಯಲು ಬೇಕಾದ ಅಮೈನೊ ಆಮ್ಲ ಮಾತ್ರ ತೀರ ಕಮ್ಮಿ. ಹಾಗಾಗಿ ಕುಡಿದೇ ಕುಡಿಯುತ್ತದೆ, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಹೊರಹಾಕುತ್ತದೆ. ಎಲೆಯ ಮೇಲಿನ ಅಂಟು, ಅದರ ಮೇಲೆ ಬೆಳೆಯುವ ಕಾಡಿಗೆಯಂಥ ಕಪ್ಪು ಬೂಷ್ಟು, ಸಾಲುಗಟ್ಟುವ ಇರುವೆ ಎಲ್ಲ ಇದರದೇ ಫಲ. ಸಿಹಿಯ ಆಸೆಗೆ ಇರುವೆಗಳು ತಿಗಣೆಗೆ ಕಾವಲು ನಿಲ್ಲುತ್ತವೆ, ಶತ್ರು ಬಂದರೆ ಓಡಿಸುತ್ತವೆ. ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಇರುವೆಯ ದಾರಿ ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅನುಭವ.

ಇನ್ನು ಆ ಬಿಳಿ ಅಂಗಿಯ ವಿಷಯ. ಅದು ಹಿಟ್ಟಲ್ಲ, ಹುಳುವಿನ ಚರ್ಮದ ಗ್ರಂಥಿಗಳು ಒಸರುವ ಮೇಣ. ನೀರು ಸಿಂಪಡಿಸಿದರೆ ಹನಿ ಜಾರಿಹೋಗುತ್ತದೆ. ಔಷಧಿ ಸಿಂಪಡಿಸಿದರೂ ಅಷ್ಟೆ. ಮೊಟ್ಟೆಗಳಂತೂ ನೂರಾರು ಸಂಖ್ಯೆಯಲ್ಲಿ ಮೇಣದೆಳೆಯ ಚೀಲದೊಳಗೆ ಬೆಚ್ಚಗಿರುತ್ತವೆ. ಮೆಡಿಕಲ್ ಅಂಗಡಿಯ 70 ಪರ್ಸೆಂಟಿನ ಐಸೊಪ್ರೊಪೈಲ್ ಸ್ಪಿರಿಟ್ ಕೆಲಸ ಮಾಡುವುದು ಇಲ್ಲೇ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಮುಟ್ಟಿಸಿದರೆ ಬಿಳುಪು ಕಣ್ಣೆದುರೇ ಕರಗಿ, ಒಳಗಿನ ಗುಲಾಬಿ ಬಣ್ಣದ ಬೋಳು ಮೈ ಕಾಣುತ್ತದೆ. ಆಮೇಲೆ ಅದು ಬದುಕುವುದಿಲ್ಲ.

ಆದರೆ ಮೇಣ ಇರುವುದು ಹುಳುವಿಗೊಂದಕ್ಕೇ ಅಲ್ಲ. ಎಚಿವೇರಿಯಾದ ಎಲೆಯ ಮೇಲಿನ ಬೂದಿ ಬಣ್ಣದ ಪುಡಿಯೂ ಮೇಣವೇ. ಬಿಸಿಲಿನ ಝಳ ತಡೆಯಲು, ನೀರು ಆರದಂತೆ ಕಾಯಲು ಗಿಡ ಹೊದ್ದ ಹೊದಿಕೆ ಅದು. ಹುಳುವಿನ ಅಂಗಿ ಕರಗಿಸುವ ಸ್ಪಿರಿಟ್ ಗಿಡದ ಹೊದಿಕೆಯನ್ನೂ ಬಿಡುವುದಿಲ್ಲ. ಬೆಳೆದ ಎಲೆಯಲ್ಲಿ ಒಮ್ಮೆ ಅಳಿಸಿಹೋದ ಪುಡಿ ಮತ್ತೆ ಬರುವುದಿಲ್ಲ; ನನ್ನ ಹೆಬ್ಬೆರಳಿನ ಗುರುತು ಒಂದು ಎಲೆಯ ಮೇಲೆ ಇವತ್ತಿಗೂ ಇದೆ. ಆದ್ದರಿಂದ ಇಂಥ ಗಿಡಕ್ಕೆ ಸ್ಪಿರಿಟ್ ಸುರಿಯಬೇಡಿ, ಹುಳುವಿಗಷ್ಟೇ ಮುಟ್ಟಿಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳೂ ಇವೆ. ಪುಡಿಯಿಲ್ಲದ ಗಿಡಗಳಿಗೆ ಅವು ವಾಸಿ. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ಯಾವುದೇ ಆಗಲಿ, ಬಿಸಿಲು ಇಳಿದ ಮೇಲೆ ಹಾಕಿ, ಎಲೆಗಳ ನಡುವೆ ದ್ರವ ನಿಂತು ಕೊಳೆಯದಂತೆ ಊದಿ ತೆಗೆಯಿರಿ. ಒಂದೇ ಸಲಕ್ಕೆ ಗೆದ್ದೆ ಎಂದುಕೊಂಡರೆ ಚೀಲದ ಮೊಟ್ಟೆಗಳು ನಗುತ್ತವೆ. ವಾರಕ್ಕೊಮ್ಮೆಯಂತೆ ನಾಲ್ಕೈದು ವಾರ ಬಿಡದೆ ಮಾಡಿದರೆ, ಮೊಟ್ಟೆಯೊಡೆದು ಬರುವ, ಇನ್ನೂ ಮೇಣ ಹೊದೆಯದ ಮರಿಗಳು ಸಿಕ್ಕಿಬೀಳುತ್ತವೆ. ಕಾರಣವಿಲ್ಲದೆ ಗಿಡ ಸೊರಗುತ್ತಿದ್ದರೆ ಕುಂಡದಿಂದ ಕಿತ್ತು ಬೇರನ್ನೂ ನೋಡಬೇಕು. ಅಲ್ಲಿಯೇ ಸಂಸಾರ ಹೂಡುವ ಜಾತಿಗಳಿವೆ. ಮತ್ತೆ, ಗಿಡ ಕೊಬ್ಬಲಿ ಎಂದು ಸಾರಜನಕದ ಗೊಬ್ಬರ ಸುರಿಯುವವರಿಗೊಂದು ಮಾತು: ರಸದಲ್ಲಿ ಅಮೈನೊ ಆಮ್ಲ ಹೆಚ್ಚಿದಷ್ಟೂ ಹಬ್ಬ ತಿಗಣೆಗೆ.

ರಸ ಹೀರುವ ಹುಳುವೆಲ್ಲ ಕೆಟ್ಟದ್ದೆಂದೂ ಅಲ್ಲ. ನಮ್ಮ ಹೊಲಗಳನ್ನು ನುಂಗಿದ್ದ ಪಾಪಾಸುಕಳ್ಳಿಯನ್ನು ಮಣಿಸಿದ್ದು ಇದೇ ಬಳಗದ ಕೊಚಿನೀಲ್ ಕೀಟ. 1795ರಲ್ಲಿ ಕೆಂಪು ಬಣ್ಣಕ್ಕೆಂದು ಬಂಗಾಳಕ್ಕೆ ತಂದದ್ದು ಬೇರೆ ಜಾತಿಯಾಗಿ, ಬಣ್ಣ ಕೈಗೆ ಹತ್ತಲಿಲ್ಲ. ಕಳ್ಳಿಯ ಒಂದು ಬಗೆ ಮಾತ್ರ ಸೊರಗಿತು. ಉಳಿದ ಹಠಮಾರಿ ಕಳ್ಳಿಗೆ 1926ರಲ್ಲಿ ಮತ್ತೊಂದು ಜಾತಿಯನ್ನು ದಕ್ಷಿಣ ಭಾರತಕ್ಕೆ ತರಬೇಕಾಯಿತು.

ಹಿಟ್ಟು ತಿಗಣೆಗೂ ಒಬ್ಬ ಯಮನಿದ್ದಾನೆ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತರಿಸಿದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಅದು. ಇಲ್ಲೇ ನೆಲೆಯಾದ ಅದನ್ನು ಪ್ರಯೋಗಾಲಯಗಳಲ್ಲಿ ಕುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಆ ತಿಗಣೆಯನ್ನೇ ಉಣ್ಣಿಸಿ ಸಾಕುತ್ತಾರೆ. ತಮಾಷೆಯೆಂದರೆ, ಅದರ ಮರಿಯೂ ಬಿಳಿ ಮೇಣದ ಅಂಗಿಯನ್ನೇ ತೊಟ್ಟಿರುತ್ತದೆ. ದೊಡ್ಡ ತಿಗಣೆಯೆಂದುಕೊಂಡು ಎಷ್ಟೋ ಜನ ಅದನ್ನೇ ಮೊದಲು ಹೊಸಕುತ್ತಾರೆ. ಸ್ಪಿರಿಟ್ ಅದ್ದಿದ ಕಡ್ಡಿ ಹಿಡಿಯುವ ಮೊದಲು ಒಮ್ಮೆ ಸರಿಯಾಗಿ ನೋಡಿ. ಒಂದು ಸೆಂಟಿಮೀಟರಿನಷ್ಟು ಉದ್ದವಿದ್ದು, ಮೇಣದ ಜೂಲು ಅಲ್ಲಾಡಿಸುತ್ತ ಸರಸರ ಓಡುತ್ತಿದ್ದರೆ, ದಯವಿಟ್ಟು ಅದನ್ನು ಅದರ ಪಾಡಿಗೆ ಬಿಡಿ.