ಕರಕರ ಸದ್ದಿಗೂ ಒಂದು ಲೆಕ್ಕ

ವಾಟರ್‌ಗೇಟ್ ಹಗರಣ ಕಾವೇರಿದ್ದ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಕಚೇರಿಯ ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷದ ಮಾತು ಮಾಯವಾಗಿತ್ತು. ಕೈತಪ್ಪಿ ಅಳಿಸಿಹೋಯಿತೋ, ಬೇಕೆಂದೇ ಅಳಿಸಿದರೋ? ಪರೀಕ್ಷೆಗೆ ನೇಮಕವಾದ ಆರು ಮಂದಿ ತಜ್ಞರಲ್ಲಿ ಯೂಟಾ ವಿಶ್ವವಿದ್ಯಾಲಯದ ಥಾಮಸ್ ಸ್ಟಾಕ್‌ಹ್ಯಾಮ್ ಒಬ್ಬರು. ಒಂದು ಸಲವಲ್ಲ, ಕಡಿಮೆಯೆಂದರೂ ಐದು ಸಲ ಅಳಿಸಲಾಗಿದೆ ಎಂದು ತಂಡ 1974ರಲ್ಲಿ ವರದಿ ಕೊಟ್ಟಿತು. ಮಾತಿಲ್ಲದ ಜಾಗದಲ್ಲಿ ಉಳಿದಿದ್ದ ಗುಂಯ್ ಎನ್ನುವ ಸದ್ದು, ನಡುನಡುವೆ ಟಕ್ಕೆನ್ನುವ ಗುರುತುಗಳು, ಇವೇ ಅವರಿಗೆ ಸಾಕ್ಷಿ.

ಅದೇ ಹೊತ್ತಿಗೆ ಸ್ಟಾಕ್‌ಹ್ಯಾಮ್ ಇನ್ನೊಂದು ಹಳೆಯ ಸದ್ದಿನ ಬೆನ್ನು ಹತ್ತಿದ್ದರು. ಇಟಲಿಯ ಗಾಯಕ ಎನ್ರಿಕೊ ಕರುಸೊ 1921ರಲ್ಲಿ ತೀರಿಕೊಂಡವರು. ಅವರ ಧ್ವನಿಮುದ್ರಣಗಳೆಲ್ಲ ಮೈಕು ಬರುವುದಕ್ಕೆ ಮುಂಚಿನವು. ಗಾಯಕ ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕು, ಆ ಗಾಳಿಯ ಒತ್ತಡಕ್ಕೇ ಕೊರೆಯುವ ಮುಳ್ಳು ನಡುಗಿ ಮೇಣದ ಮೇಲೆ ಗೀರು ಎಳೆಯಬೇಕು. ಕೊಳವೆಗೆ ಕೆಲವು ಸ್ವರಗಳೆಂದರೆ ಪ್ರೀತಿ, ಕೆಲವೆಂದರೆ ತಾತ್ಸಾರ. ಸ್ಟಾಕ್‌ಹ್ಯಾಮ್ ಕರುಸೊ ಪ್ಲೇಟಿನ ಸದ್ದನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಇಳಿಸಿದರು. ಅದೇ ಹಾಡನ್ನು ಬೇರೊಬ್ಬ ಗಾಯಕ ಮೈಕಿನ ಮುಂದೆ ಹಾಡಿದ್ದ ಮುದ್ರಣದೊಡನೆ ಹೋಲಿಸಿ, ಕೊಳವೆ ಸೇರಿಸಿದ ಪಾಲೆಷ್ಟು ಎಂದು ಅಂದಾಜು ಮಾಡಿ ಕಳೆದರು. 1976ರಲ್ಲಿ ಆರ್‌ಸಿಎ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ತಮಾಷೆಯೆಂದರೆ, ಆಗಿನ್ನೂ ಸಿಡಿ ಇರಲಿಲ್ಲ. ಪ್ಲೇಟಿನಿಂದ ಅಂಕಿಯಾದ ಕರುಸೊ ಮತ್ತೆ ಎಲ್‌ಪಿ ಪ್ಲೇಟಾಗಿಯೇ ಅಂಗಡಿಗೆ ಬಂದ.

ಗೀರಿನಿಂದ ಅಂಕಿಗೆ ಬರುವ ದಾರಿ ಅಲ್ಲಿಂದ ಶುರುವಾಯಿತು ಎನ್ನಬಹುದು. ಆದರೆ ಗೀರನ್ನು ಓದುವುದೇ ಒಂದು ವಿದ್ಯೆ. ಎಲ್‌ಪಿಯ ಗೀರಿನಲ್ಲಿರುವುದು ಹಾಡಿನ ಯಥಾವತ್ ರೂಪವಲ್ಲ. ತಗ್ಗಿನ ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗ ತಗ್ಗನ್ನು ತಗ್ಗಿಸಿ, ಹೆಚ್ಚಿನ ಸ್ವರಗಳನ್ನು ಏರಿಸುತ್ತಾರೆ. ನುಡಿಸುವಾಗ ಆಂಪ್ಲಿಫೈಯರು ಅದನ್ನು ತಿರುವುಮುರುವು ಮಾಡುತ್ತದೆ. ಎಷ್ಟು ತಗ್ಗು, ಎಷ್ಟು ಏರು ಎಂಬುದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಕಂಪನಿಗೊಂದು ಲೆಕ್ಕ. 1950ರ ಸುಮಾರಿನ ಎಲ್‌ಪಿಯನ್ನು ಈಗಿನ ಯಂತ್ರಕ್ಕೆ ಹಾಕಿದಾಗ ಹಾಡು ಮಂಕಾಗಿಯೋ ಕೀರಲಾಗಿಯೋ ಕೇಳಿದರೆ ಗಾಯಕರನ್ನು ದೂರಬೇಕಾಗಿಲ್ಲ.

ಇನ್ನು ಅಂಕಿಯ ಕಡೆಯ ಕತೆ. ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುತ್ತಾರೆ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಕಂಪನ, ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಅಳೆದರೆ ಸಾಕು ಎಂಬ ಗಣಿತ ಹಿಂದಿನದೇ. ಆದರೆ ಈ ವಿಚಿತ್ರ ಸಂಖ್ಯೆಯೇ ಏಕೆ? 1970ರ ದಶಕದ ಕೊನೆಯಲ್ಲಿ ಇಷ್ಟೊಂದು ಅಂಕಿ ತುಂಬಿಡಬಲ್ಲ ಅಗ್ಗದ ವಸ್ತುವೆಂದರೆ ವಿಡಿಯೊ ಟೇಪು. ಸೋನಿ ಕಂಪನಿ ಚಿತ್ರದ ಒಂದೊಂದು ಗೆರೆಯ ಮೇಲೂ ಮೂರು ಅಳತೆ ಕೂರಿಸಿತು. ಬಳಸಬಹುದಾದ 245 ಗೆರೆ, ಸೆಕೆಂಡಿಗೆ 60 ಸಲ: ಗುಣಿಸಿ ನೋಡಿ, 44,100. ಸಂಗೀತ ಲೋಕವೇ ಒಪ್ಪಿಕೊಂಡ ಅಳತೆ ಬಂದದ್ದು ಟೀವಿಯ ಗೆರೆಗಳಿಂದ.

1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸಿಡಿ ಮಾರಾಟಕ್ಕೆ ಬಂತು. ಕಂಪನಿಗಳು ಸಾಧ್ಯವಾದ ಕಡೆ ಮೂಲ ಟೇಪಿನಿಂದ ಸಿಡಿ ಮಾಡಿದವು. ಟೇಪೇ ಇಲ್ಲದಿದ್ದರೆ ಪ್ಲೇಟೇ ಗತಿ. ಮನೆಮಂದಿಯ ಕೈಗೆ ಈ ಕೆಲಸ ಬಂದದ್ದು ಇನ್ನೂ ತಡವಾಗಿ. 2000ದಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಮರುವರ್ಷ ಸದ್ದನ್ನು ಒಂದಿಷ್ಟೂ ಕಳೆಯದೆ ಮಡಚಿಡುವ ಫ್ಲಾಕ್ ಕಡತ, ಮತ್ತೆ ನಾಲ್ಕೈದು ವರ್ಷಕ್ಕೆ ಕಂಪ್ಯೂಟರಿಗೆ ನೇರವಾಗಿ ಚುಚ್ಚುವ ಯುಎಸ್‌ಬಿ ಪ್ಲೇಯರುಗಳು. ಈ ಕೊನೆಯದರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಅಗ್ಗದ ಪೆಟ್ಟಿಗೆಯಲ್ಲಿ ಮುಳ್ಳೂ ಅಗ್ಗದ್ದೇ ಇರುತ್ತದೆ, ಗೀರಿನ ಮೇಲೆ ಭಾರ ಹೇರುತ್ತದೆ. ಉಳಿಸಲು ಹೊರಟ ಪ್ಲೇಟನ್ನೇ ಅದು ಸವೆಸುತ್ತದೆ.

ಧ್ವನಿಸಂಗ್ರಹಾಲಯಗಳು ಈಗ ಕೇಳುವ ಮಟ್ಟ ಸಿಡಿಯದಲ್ಲ: ಸೆಕೆಂಡಿಗೆ 96,000 ಅಳತೆ, ಒಂದೊಂದಕ್ಕೂ 24 ಬಿಟ್. ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎಯ ಮಾರ್ಗಸೂಚಿ ಕನಿಷ್ಠ 48,000 ಅಳತೆ, 24 ಬಿಟ್ ಎನ್ನುತ್ತದೆ; ಬಳಕೆಯಲ್ಲಿ 96,000ವೇ ಹೆಚ್ಚು. ನಲವತ್ತು ನಿಮಿಷದ ಒಂದು ಎಲ್‌ಪಿಗೆ ಸುಮಾರು 1.4 ಗಿಗಾಬೈಟ್ ಜಾಗ ಬೇಕು. ಎಲ್‌ಪಿಯ ಸದ್ದೋ ಸಿಡಿಯ ಹದಿನಾರು ಬಿಟ್ಟಿನೊಳಗೇ ಆರಾಮಾಗಿ ಕೂರುವಂಥದ್ದು, ಹಾಗಾದರೆ ಈ ದುಂದು ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಸ್ವಾರಸ್ಯವಾಗಿದೆ: ಅದು ಬಹುಮಟ್ಟಿಗೆ ಹಾಡಿಗಾಗಿ ಅಲ್ಲ, ಗೀಚಿಗಾಗಿ. ಪ್ಲೇಟಿನ ಗೀಚಿನಿಂದ ಹುಟ್ಟುವ ಟಕ್ ಸದ್ದು ಹಾಡಿಗಿಂತ ಎಷ್ಟೋ ಚೂಪು, ಕಿವಿಗೆ ಕೇಳದ ಎತ್ತರಕ್ಕೂ ಚಿಮ್ಮುತ್ತದೆ. ಅದನ್ನು ನಿಖರವಾಗಿ ಹಿಡಿದಿಟ್ಟರೆ ಮಾತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ತಂತ್ರಾಂಶಕ್ಕೆ ತಿಳಿಯುವುದು. ಮಟ್ಟವನ್ನು ತಗ್ಗಿಸಿಟ್ಟು ದಾಖಲಿಸಿದರೂ ನಷ್ಟವಿಲ್ಲದಿರಲು 24 ಬಿಟ್ಟಿನ ಅವಕಾಶ; ಗೀಚಿನ ತುದಿ ಮೊಂಡಾಗುವುದಿಲ್ಲ.

ಆ ಟಕ್ಕನ್ನು ತೆಗೆಯುವ ವಿದ್ಯೆ ಬೆಳೆದದ್ದು 1980ರ ದಶಕದಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಧ್ವನಿಸಂಗ್ರಹಾಲಯಕ್ಕಾಗಿ ಕೇಂಬ್ರಿಜ್‌ನಲ್ಲಿ ನಡೆದ ಸಂಶೋಧನೆಯಿಂದ 1988ರಲ್ಲಿ ಸೀಡರ್ ಎಂಬ ಸಂಸ್ಥೆ ಹುಟ್ಟಿತು. ತತ್ವ ಸರಳ: ಗೀಚಿದ್ದ ಕಡೆಯ ಅಂಕಿಗಳನ್ನು ಕಿತ್ತು, ಅದರ ಹಿಂದಿನ ಮುಂದಿನ ಅಂಕಿಗಳನ್ನು ನೋಡಿ ನಡುವೆ ಏನಿದ್ದಿರಬೇಕು ಎಂದು ಊಹಿಸಿ ತುಂಬುವುದು. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಗೀಚೆಂದರೆ 96 ಅಂಕಿ. ಕಷ್ಟ ಇರುವುದು ಗೀಚು ಯಾವುದು, ಪೆಟ್ಟು ಯಾವುದು ಎಂದು ಗುರುತಿಸುವುದರಲ್ಲಿ. ಖಂಜಿರದ ಚುರುಕು ಪೆಟ್ಟೂ ಯಂತ್ರಕ್ಕೆ ಗೀಚಿನ ಹಾಗೇ ಕಂಡೀತು. ಹಿನ್ನೆಲೆಯ ಸುಯ್ ಸದ್ದನ್ನು ಅತಿಯಾಗಿ ತೊಳೆದರಂತೂ ತಂಬೂರಿಯ ಸಣ್ಣ ಝೇಂಕಾರವೂ ಜೊತೆಗೇ ಕೊಚ್ಚಿಹೋಗಿ, ಗಾಯಕರು ಬಾವಿಯೊಳಗೆ ಮುಳುಗಿ ಹಾಡಿದಂತೆ ಕೇಳುತ್ತದೆ. ಬಲ್ಲವರು ಅದಕ್ಕೇ ಮೊದಲು ಏನನ್ನೂ ಮುಟ್ಟದ ಕಡತವೊಂದನ್ನು ಎತ್ತಿಟ್ಟುಕೊಳ್ಳುತ್ತಾರೆ. ತೊಳೆಯುವುದೇನಿದ್ದರೂ ಅದರ ನಕಲಿನ ಮೇಲೆ. ನಾಳೆ ಇನ್ನೂ ಜಾಣ ತಂತ್ರಾಂಶ ಬಂದೀತಲ್ಲ!

ಅಂಕಿಗಿಂತ ಮುಖ್ಯವಾದದ್ದು ಮುಳ್ಳಿನ ತುದಿ. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಮಿಲಿಮೀಟರಿನ ಸುಮಾರು ಐವತ್ತರಲ್ಲೊಂದು ಭಾಗದಷ್ಟು. 78 ಸುತ್ತಿನ ಅರಗಿನ ಪ್ಲೇಟಿಗೆ ಅದರ ಮೂರ್ನಾಲ್ಕರಷ್ಟು ದಪ್ಪ ಬೇಕು. ಸಣ್ಣದನ್ನು ಇಟ್ಟರೆ ಗೀರಿನ ತಳಕ್ಕಿಳಿದು ಕಸವನ್ನೇ ಓದುತ್ತದೆ. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದ ಆ ಪ್ಲೇಟುಗಳ ಮೇಲೆ ಉಕ್ಕಿನ ಮುಳ್ಳುಗಳು ಓಡಾಡಿ ಗೀರಿನ ಗೋಡೆಯನ್ನು ಒಂದು ಮಟ್ಟದಲ್ಲಿ ಸವೆಸಿರುತ್ತವೆ. ಬೇರೆ ಅಳತೆಯ ತುದಿಯಿಟ್ಟರೆ ಅದರ ಮೇಲೋ ಕೆಳಗೋ, ಯಾವ ಮುಳ್ಳೂ ಮುಟ್ಟದ ಹೊಸ ಗೋಡೆ ಸಿಗುತ್ತದೆ. 78 ಸುತ್ತಿನ ಪ್ಲೇಟುಗಳನ್ನು ಅಂಕಿಗಿಳಿಸಿ ಜಾಲಕ್ಕೆ ಏರಿಸುವ ಇಂಟರ್‌ನೆಟ್ ಆರ್ಕೈವ್‌ನ ಗ್ರೇಟ್ 78 ಯೋಜನೆಯಲ್ಲಿ ಅಮೆರಿಕದ ಜಾರ್ಜ್ ಬ್ಲಡ್ ಸಂಸ್ಥೆ ಒಂದೇ ಪ್ಲೇಟಿನ ಮೇಲೆ ನಾಲ್ಕು ತೋಳು, ನಾಲ್ಕು ಅಳತೆಯ ಮುಳ್ಳು ಒಟ್ಟಿಗೇ ಓಡಿಸಿದ್ದು ಈ ಕಾರಣಕ್ಕೆ. ಕೇಳುಗ ತನಗೆ ಒಪ್ಪುವ ಮುಳ್ಳಿನ ಸದ್ದು ಆರಿಸಿಕೊಳ್ಳಬಹುದು. ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು: ವಿನೈಲ್ ತೊಳೆಯುವ ಸ್ಪಿರಿಟ್ಟನ್ನು ಅರಗಿನ ಪ್ಲೇಟಿಗೆ ತಾಗಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ.

ಎಲ್ಲ ಸರಿಮಾಡಿದರೂ ವೇಗ ಕೈಕೊಡಬಹುದು. ಪ್ಯಾರಿಸ್ಸಿನ ಎದುವಾರ್ ಲಿಯೋನ್ ಸ್ಕಾಟ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಮೂಡಿಸಿದ ಹಾಡಿನ ಗೆರೆಗಳನ್ನು 2008ರಲ್ಲಿ ಸ್ಕ್ಯಾನ್ ಮಾಡಿ ಸದ್ದಾಗಿಸಿದಾಗ ಹುಡುಗಿಯ ದನಿಯಂತೆ ಕೇಳಿತ್ತು. ಮರುವರ್ಷ ತಿಳಿಯಿತು, ಓಡಿಸಿದ್ದು ಇಮ್ಮಡಿ ವೇಗದಲ್ಲಿ. ಹಾಡಿದ್ದು ಗಂಡಸು, ಬಹುಶಃ ಸ್ಕಾಟನೇ. 78 ಸುತ್ತಿನವು ಎನ್ನುವ ಆರಂಭದ ಪ್ಲೇಟುಗಳೂ ಎಲ್ಲವೂ 78ರಲ್ಲಿ ಮುದ್ರಣವಾದವಲ್ಲ. ನಿಮಿಷಕ್ಕೆ ನಾಲ್ಕು ಸುತ್ತು ವ್ಯತ್ಯಾಸವಾದರೂ ಹೆಚ್ಚುಕಡಿಮೆ ಒಂದು ಸ್ವರಸ್ಥಾನವೇ ಸರಿಯುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಕೃತಿಯ ಶ್ರುತಿ ಬರೆದಿಟ್ಟಿರುತ್ತದೆ, ತಾಳೆ ನೋಡಬಹುದು. ನಮ್ಮಲ್ಲಿ ಶ್ರುತಿ ಗಾಯಕರ ಕಂಠಕ್ಕೆ ಬಿಟ್ಟದ್ದು. ಹಿಂದೆ ಹಾರ್ಮೋನಿಯಂ ಇದ್ದರೆ ಅದರ ಮನೆಗಳಿಗೆ ಹೊಂದಿಸಿ ನೋಡಬಹುದು. ಇಲ್ಲದಿದ್ದರೆ ಕಿವಿಯ ತೀರ್ಮಾನವೇ ಅಂತಿಮ.

ಈ ಹಳೆಯ ಪ್ಲೇಟುಗಳಿಗೆ ಮೈಸೂರಿನ ನಂಟೂ ಇದೆ. 1902ರಲ್ಲಿ ಹಾಡು ಮುದ್ರಿಸಲು ಕಲ್ಕತ್ತೆಗೆ ಬಂದ ಫ್ರೆಡರಿಕ್ ಗೈಸ್‌ಬರ್ಗ್‌ನ ಕೊಳವೆಗೆ ಹಾಡಿದ ಗಾಯಕಿ ಗೌಹರ್ ಜಾನ್ ಕೊನೆಗಾಲ ಕಳೆದದ್ದು ಮೈಸೂರಿನಲ್ಲಿ. 1928ರಲ್ಲಿ ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆಕೆಯ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಮುಂದೆ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕಟ್ಟಿ ಹಳೆಯ ಪ್ಲೇಟುಗಳನ್ನು ಅಂಕಿಗಿಳಿಸಿ ಯಾರು ಬೇಕಾದರೂ ಕೇಳುವಂತೆ ಇಟ್ಟರು.

ಮೈಸೂರಿನ ನಂಟು ಇಲ್ಲಿಗೇ ಮುಗಿಯುವುದಿಲ್ಲ. ಮಹಾರಾಜ ಜಯಚಾಮರಾಜ ಒಡೆಯರು ರಷ್ಯದ ನಿಕೊಲಾಯ್ ಮೆಟ್ನರ್‌ನ ಸಂಗೀತಕ್ಕೆ ಮನಸೋತು, ಲಂಡನ್ನಿನಲ್ಲಿದ್ದ ಅವನ ಕೃತಿಗಳನ್ನು ಎಚ್‌ಎಂವಿ ಮೂಲಕ ಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಅವೆಲ್ಲ 78 ಸುತ್ತಿನ ಪ್ಲೇಟುಗಳು. ಅರ್ಧ ಗಂಟೆ ಮೀರುವ ಕೃತಿಯನ್ನು ಬದಿಗೆ ನಾಲ್ಕೂವರೆ ನಿಮಿಷದಂತೆ ತುಂಡು ಮಾಡಿ ಹಂಚಬೇಕಿತ್ತು. ಅಂಥದನ್ನು ಸಿಡಿಗೆ ತರುವವರಿಗೆ ಹೊಲಿಗೆ ಕೆಲಸ ಬೇರೆ. ಪ್ಲೇಟಿನ ಅಂಚಿನಲ್ಲಿ ಸದ್ದು ಸ್ಪಷ್ಟ, ನಡುವಿನ ಕಡೆ ಬಂದಂತೆ ಮಂಕು. ಒಂದು ಬದಿಯ ಮಂಕು ಕೊನೆಗೆ ಮುಂದಿನ ಬದಿಯ ಹೊಳಪಿನ ಶುರುವನ್ನು ಗೊತ್ತಾಗದಂತೆ ಸೇರಿಸಬೇಕು.

ಅಂಕಿಗಿಳಿಸಿದ ಹಾಡಿನ ಹಕ್ಕು ಯಾರದು ಎಂಬುದು ಇನ್ನೊಂದು ತೊಡಕು. 2023ರಲ್ಲಿ ದೊಡ್ಡ ಸಂಗೀತ ಕಂಪನಿಗಳು ಗ್ರೇಟ್ 78 ಯೋಜನೆಯನ್ನು ಕೋರ್ಟಿಗೆ ಎಳೆದವು. ಈ ಹಾಡುಗಳು ಕಳೆದುಹೋಗುವ ಭಯವೇ ಇಲ್ಲ, ಸ್ಟ್ರೀಮಿಂಗ್‌ನಲ್ಲಿ ಸಿಗುತ್ತವೆ ಎಂಬುದು ಅವರ ವಾದ. ಅಲ್ಲಿ ಸಿಗುವುದು ಯಾರೋ ಒಬ್ಬರು ತೊಳೆದು ಒರೆಸಿದ ಹಾಡು, ಪ್ಲೇಟಿನಲ್ಲಿರುವುದು ಅದಲ್ಲ ಎಂಬುದು ನನ್ನ ಎಣಿಕೆ. 2025ರ ಸೆಪ್ಟೆಂಬರಿನಲ್ಲಿ ಎರಡೂ ಕಡೆಯವರು ರಾಜಿಯಾದರು, ಷರತ್ತು ಬಯಲಾಗಲಿಲ್ಲ. ಭಾರತದ ಕಾನೂನು ಧ್ವನಿಮುದ್ರಣದ ಹಕ್ಕನ್ನು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಕೊನೆಗೊಳಿಸುತ್ತದೆ. ಆದರೆ ಸಾಹಿತ್ಯ, ಸ್ವರಸಂಯೋಜನೆಯ ಹಕ್ಕು ಕವಿ, ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. 1958ರ ಪ್ಲೇಟೊಂದರ ಮುದ್ರಣ ಮುಕ್ತವಾಗಿದ್ದರೂ, ಅದನ್ನು ಜಾಲಕ್ಕೆ ಏರಿಸುವ ಮುನ್ನ ಅದರ ಹಾಡು ಬರೆದವರು ತೀರಿಕೊಂಡ ವರ್ಷ ಹುಡುಕಬೇಕಾಗುತ್ತದೆ.