ನೆಲದಡಿಯ ಹೊಂದಾಣಿಕೆ

ಬೆಂಗಳೂರಿನ ಪುಲಿಕೇಶಿನಗರದ ಹತ್ತಿರ ಮೆಟ್ರೋ ಸುರಂಗ ಕೊರೆದಿದ್ದು ಯಂತ್ರ.
ಆದ್ರೆ ಎಲ್ಲಾ ಕೆಲಸಾನೂ ಹೊಂದಿಸೋರು ಯಾರು ಗೊತ್ತಾ?

ಪ್ರೋಗ್ರಾಂ ಮ್ಯಾನೇಜರ್‌ಗಳು.

ಸುರಂಗ ಒಂದು ಗುತ್ತಿಗೆ.
ಹಳಿ ಇನ್ನೊಂದು.
ಸಿಗ್ನಲ್ ಬೇರೆ, ರೈಲು ಬೇರೆ.
ಸುರಂಗ ಮುಗೀದೆ ಹಳಿ ಬರಲ್ಲ.
ಹಳಿ ಇಲ್ದೆ ರೈಲು ಬಂದ್ರೆ, ನಿಲ್ಲಿಸೋದೆಲ್ಲಿ?

ತೇರು ನೆನಪಿಸಿಕೊಳ್ಳಿ.
ಹಗ್ಗ ಎಳೆಯೋರು ನೂರಾರು ಜನ.
ಚಕ್ರದಡಿ ಮರದ ತುಂಡು ಕೊಟ್ಟು
ದಾರಿ ತಿದ್ದೋರು ಕೆಲವೇ ಜನ.
ಈ ಕೆಲಸಾನೂ ಹಾಗೇ.

ಸುಲಭ ಅಲ್ಲ.
ಫೋನ್ ಸುಮ್ನಿರಲ್ಲ, ನಿಜ.

ಆದ್ರೆ ಕೇಳಿ.
2021ರ ಸೆಪ್ಟೆಂಬರ್.
ಕಂಟೋನ್ಮೆಂಟ್‌ನಿಂದ ಹೊರಟ ‘ಊರ್ಜಾ’ ಯಂತ್ರ
ಶಿವಾಜಿನಗರದಲ್ಲಿ ಗೋಡೆ ಸೀಳಿ ಹೊರಬಂತು!
ಅಂಥ ಒಂದು ದಿನಕ್ಕೆ ವರ್ಷಗಟ್ಟಲೆ ದುಡೀಬಹುದು, ಅಲ್ವಾ?

ನಿಮಗೂ ಈ ಕೆಲಸದ ಆಸೆ ಇದ್ಯಾ?
ಮೊದಲು ಒಂದೇ ಪ್ರಾಜೆಕ್ಟ್ ಹಿಡೀರಿ.
ಕೊನೇವರೆಗೂ ಮುಗಿಸಿ.
ಆಮೇಲೆ ಈ ಕಡೆ ಬನ್ನಿ.