ನಾಲ್ಕು ನೇಗಿಲು, ಮೂರು ಸಾವಿರ ಊರು

1517ರಲ್ಲಿ ಇಂಗ್ಲೆಂಡಿನ ಸರಕಾರ ಒಂದು ವಿಚಾರಣೆ ನಡೆಸಿತು. ಯಾವ ಯಾವ ಜಮೀನ್ದಾರರು ರೈತರನ್ನು ಒಕ್ಕಲೆಬ್ಬಿಸಿ, ಉಳುವ ಹೊಲಕ್ಕೆ ಕುರಿ ಬಿಟ್ಟಿದ್ದಾರೆ ಎಂದು ಊರೂರಿನಲ್ಲಿ ಕೇಳಿ ಬರೆದುಕೊಂಡರು. ಯಾರ್ಕ್‌ಷೈರಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಇರುವ ವಾರಮ್ ಪರ್ಸಿ ಎಂಬ ಊರಿನ ಪಾಲಿಗೆ ಬಂದದ್ದು ಚಿಕ್ಕದೊಂದು ನಮೂದು. ಬ್ಯಾರನ್ ಹಿಲ್ಟನ್ ಅಲ್ಲಿ ನಾಲ್ಕು ನೇಗಿಲು ನಿಲ್ಲಿಸಿದ್ದ, ನಾಲ್ಕು ಒಕ್ಕಲುಮನೆ ಹಾಳುಗೆಡವಿದ್ದ. ಅಷ್ಟಕ್ಕೆ ಊರಿನ ಬೇಸಾಯದ ಕಥೆ ಮುಗಿಯಿತು.

ನಾಲ್ಕು ಎಂಬುದು ಪುಟ್ಟ ಸಂಖ್ಯೆ. ಆದರೆ ಇಂಗ್ಲೆಂಡಿನಲ್ಲಿ ಹೀಗೆ ಬೇಚರಾಕ್ ಆದ ಮಧ್ಯಯುಗದ ಊರುಗಳು ಒಂದಲ್ಲ, ಎರಡಲ್ಲ, ಮೂರು ಸಾವಿರಕ್ಕೂ ಮೇಲೆ. ಎಲ್ಲವೂ ಒಂದೇ ಕಾಲದಲ್ಲಿ ಹಾಳಾದವಲ್ಲ, ನಿಜ. ಆದರೂ ಅಂದಾಜಿಗಾಗಿ 1350ರಿಂದ 1600ರವರೆಗಿನ ಇನ್ನೂರೈವತ್ತು ವರ್ಷಕ್ಕೆ ಹಂಚಿ ನೋಡಿ. ತಿಂಗಳಿಗೊಂದು ಊರು! ಇನ್ನೂರೈವತ್ತು ವರ್ಷ, ಒಂದು ತಿಂಗಳೂ ಬಿಡುವಿಲ್ಲದೆ, ತಿಂಗಳಿಗೊಂದು ಊರು ಖಾಲಿ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ಇಡೀ ದೇಶದ ಸುಮಾರು ಹದಿಮೂರು ಸಾವಿರ ಊರುಗಳ ಹೆಸರಿವೆ. ಅದರ ಪಕ್ಕದಲ್ಲಿಟ್ಟರೆ ಈ ಮೂರು ಸಾವಿರ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ. ಇಷ್ಟು ಊರುಗಳು ಕಾಣೆಯಾದದ್ದು ಯಾರಿಗೂ ಗೊತ್ತೇ ಇರಲಿಲ್ಲ. ಹಾಳೂರು ಎಂಬುದು ಇಂಗ್ಲೆಂಡಿನಲ್ಲಿ ಬಲು ಅಪರೂಪ ಎಂದೇ 1940ರ ದಶಕದವರೆಗೂ ದೊಡ್ಡ ದೊಡ್ಡ ಇತಿಹಾಸಕಾರರು ನಂಬಿದ್ದರು. ಆಗ ಮಾರಿಸ್ ಬೆರೆಸ್‌ಫರ್ಡ್ ಎಂಬ ಆರ್ಥಿಕ ಇತಿಹಾಸದ ಮೇಷ್ಟ್ರು ಹಳೆಯ ನಕ್ಷೆ, ತೆರಿಗೆ ಪಟ್ಟಿ ಹಿಡಿದು ಹುಲ್ಲುಗಾವಲು ಸುತ್ತತೊಡಗಿದರು. ಕಂದಾಯ ಕಟ್ಟಿದ ಊರು ಪಟ್ಟಿಯಲ್ಲಿದೆ, ನೆಲದ ಮೇಲೆ ಇಲ್ಲ. ಇರಬೇಕಾದ ಜಾಗದಲ್ಲಿ ಕುರಿ ಮೇಯುತ್ತಿವೆ. ಆದರೆ ಸಂಜೆಯ ಓರೆ ಬಿಸಿಲಿಗೆ ಅದೇ ಹುಲ್ಲಿನಲ್ಲಿ ಉಬ್ಬುತಗ್ಗು ಎದ್ದು ಕಾಣುತ್ತದೆ. ತಗ್ಗು ಗೆರೆ ಹಳೆಯ ಬೀದಿ, ಚೌಕದ ದಿಣ್ಣೆ ಮನೆಯ ತಳ, ಅದರ ಹಿಂದೆ ಹಿತ್ತಲು. ವಿಮಾನದಿಂದ ತೆಗೆದ ಫೋಟೊಗಳಲ್ಲಂತೂ ಊರಿಗೆ ಊರೇ ನಕ್ಷೆ ಬಿಡಿಸಿದಂತೆ ಕಂಡಿತು. 1968ರ ಹೊತ್ತಿಗೆ ಪಟ್ಟಿ 2,263ಕ್ಕೆ ಮುಟ್ಟಿತು. ಅಪರೂಪ ಎಂದವರು ಸುಮ್ಮನಾಗಲೇಬೇಕಾಯಿತು.

ಬೆರೆಸ್‌ಫರ್ಡ್ ವಾರಮ್ ಪರ್ಸಿಗೆ ಕಾಲಿಟ್ಟದ್ದು 1948ರಲ್ಲಿ. ಸಲಿಕೆ ಹಾಕಿದ್ದು 1950ರಲ್ಲಿ. 1952ರಲ್ಲಿ ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಜೊತೆಗೂಡಿದರು. ಆಮೇಲೆ ಬೇಸಿಗೆ ಬಂತೆಂದರೆ ಸುಮಾರು ಮೂರು ವಾರ ಅಲ್ಲಿ ಅಗೆತ. 1990ರವರೆಗೆ, ನಲವತ್ತು ವರ್ಷ. ಅಲ್ಲೊಂದು ಇಲ್ಲೊಂದು ಕಿರುಗುಂಡಿ ತೋಡುವ ಪದ್ಧತಿ ಬಿಟ್ಟು, ಮನೆಯ ಇಡೀ ಜಾಗವನ್ನು ಒಟ್ಟಿಗೆ ತೆರೆದು ಪದರ ಪದರವಾಗಿ ಬಿಡಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದ್ದು ಈ ಊರೇ. ಒಬ್ಬ ಬಡರೈತನ ಮನೆಯನ್ನು ಬಿಡಿಸುತ್ತ ಹೋದರೆ, ಅದರ ಅಡಿಯಲ್ಲಿ 12ನೇ ಶತಮಾನದ ಜಮೀನ್ದಾರನ ಕಲ್ಲುಮನೆಯ ನೆಲಮಾಳಿಗೆ ಸಿಕ್ಕಿತು. ವರದಿಗಳು ಒಟ್ಟು ಹದಿಮೂರು ಸಂಪುಟ. ಕೊನೆಯದು ಹೊರಬಂದದ್ದು 2012ರಲ್ಲಿ, ಅಗೆತ ನಿಂತು ಇಪ್ಪತ್ತೆರಡು ವರ್ಷವಾದ ಮೇಲೆ. ಊರು ತುಂಬಿದ್ದ ಕಾಲದಲ್ಲಿ ಅಲ್ಲಿದ್ದದ್ದೋ ಸುಮಾರು ನಲವತ್ತು ಒಕ್ಕಲು. ಮೂರು ಮನೆಗೊಂದು ಸಂಪುಟ ಬಂತು. ಓದುಬರಹ ಕಂಡಿರದ ಆ ರೈತರಲ್ಲಿ ಹೆಚ್ಚಿನವರ ಹೆಸರು ಅವರ ಕಾಲದಲ್ಲಿ ಒಂದು ಸಾಲಿನಲ್ಲೂ ದಾಖಲಾಗಿರಲಿಕ್ಕಿಲ್ಲ.

ದಾಖಲೆ ಹೇಳದ್ದನ್ನು ಎಲುಬು ಹೇಳಿತು. ಸೇಂಟ್ ಮಾರ್ಟಿನ್ ಇಗರ್ಜಿ ಮತ್ತು ಅದರ ಅಂಗಳದಲ್ಲಿ ಸಿಕ್ಕ ಅಸ್ಥಿಪಂಜರಗಳು 687. ತಾಯಂದಿರು ಸುಮಾರು ಒಂದೂವರೆ ವರ್ಷ ಮೊಲೆಯೂಡುತ್ತಿದ್ದರು ಎಂಬುದು ಮಕ್ಕಳ ಎಲುಬಿನ ನೈಟ್ರೋಜನ್ನಿನಿಂದ ತಿಳಿಯಿತು. ಹದಿನಾಲ್ಕರ ಹುಡುಗ ಇಂದಿನ ಹತ್ತರ ಹುಡುಗನಿಗಿಂತ ಸ್ವಲ್ಪವೇ ಎತ್ತರ. ಹಾಗೆಂದು ಅವರನ್ನು ಏನೂ ಅರಿಯದ ಹಳ್ಳಿಗರು ಎನ್ನುವಂತಿಲ್ಲ. ಸಾವಿರ ವರ್ಷದ ಹಿಂದೆ ಇಲ್ಲಿ ತಲೆಗೆ ಬಲವಾದ ಪೆಟ್ಟು ತಿಂದು ಬುರುಡೆ ಒಳಗೆ ಕುಸಿದಿದ್ದ ಒಬ್ಬನಿಗೆ ಯಾರೋ ಎಲುಬು ಕೊರೆದು ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಅದು ಮಾಗಿದೆ. ಅವನು ಬದುಕಿದ್ದಾನೆ.

ಇನ್ನೊಂದು ಲೆಕ್ಕ ಮೈ ನಡುಗಿಸುವಂಥದ್ದು. ಇಗರ್ಜಿಯ ಅಂಗಳದಲ್ಲಲ್ಲ, ಮನೆಗಳಿದ್ದ ಕಡೆಯ ಗುಂಡಿಯೊಂದರಲ್ಲಿ 137 ಎಲುಬಿನ ತುಂಡು ಸಿಕ್ಕವು. ಕಡಿಮೆಯೆಂದರೂ ಹತ್ತು ಮಂದಿಯವು, ಪುಟ್ಟ ಮಗುವಿನಿಂದ ಐವತ್ತು ದಾಟಿದವರವರೆಗೆ. ಕೆಲವು ಸುಟ್ಟಿವೆ, ಕೆಲವುಗಳ ಮೇಲೆ ಚಾಕುವಿನ ಗೆರೆ, ಅದೂ ತಲೆ ಕತ್ತಿನ ಸುತ್ತಲೇ ಹೆಚ್ಚು. ಹಲ್ಲಿನ ಸ್ಟ್ರಾನ್ಶಿಯಂ ನೋಡಿದರೆ ಅವರು ಪರಸ್ಥಳದವರಲ್ಲ, ಅದೇ ಸೀಮೆಯವರು. ಸತ್ತವರು ಪ್ರೇತವಾಗಿ ಎದ್ದು ಬರದಿರಲಿ ಎಂದು ಊರವರೇ ಹೆಣಕ್ಕೆ ಹೀಗೆ ಮಾಡಿರಬೇಕು ಎಂಬುದು 2017ರಲ್ಲಿ ಇದನ್ನು ಪ್ರಕಟಿಸಿದವರ ವಾದ. ಬರಗಾಲದಲ್ಲಿ ನರಮಾಂಸ ತಿಂದಿರಬಹುದೇ ಎಂದೂ ಅವರು ತೂಗಿ ನೋಡಿದರು. ಆದರೆ ಮಾಂಸಕ್ಕೆಂದು ಕತ್ತರಿಸುವವರು ಕತ್ತಿನಲ್ಲೇ ಕೈಯಾಡಿಸುವುದಿಲ್ಲ. ನನಗೂ ಮೊದಲ ವಾದವೇ ಸರಿ ಎನಿಸುತ್ತದೆ.

ಹಾಗಾದರೆ ಊರನ್ನು ಕೊಂದದ್ದು ಯಾರು? ಯಾರನ್ನು ಕೇಳಿದರೂ ಮಹಾಮಾರಿ ಪ್ಲೇಗ್ ಎನ್ನುತ್ತಾರೆ. 1348–49ರಲ್ಲಿ ಅದು ದೇಶದ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಹೊತ್ತೊಯ್ದದ್ದು ಸುಳ್ಳಲ್ಲ. ಆದರೆ ಪ್ಲೇಗಿನ ನಂತರವೂ ವಾರಮ್ ಪರ್ಸಿ ಸುಮಾರು ನೂರೈವತ್ತು ವರ್ಷ ಉಸಿರಾಡುತ್ತಿತ್ತು. ಅಜ್ಜ, ಮಗ, ಮೊಮ್ಮಗ ಎಂದು ಐದಾರು ತಲೆಮಾರು! ಪ್ಲೇಗ್ ಮಾಡಿದ್ದು ಬೇರೆಯದೇ ಕೆಲಸ. ದೇಶದಲ್ಲಿ ಆಳು ಕಡಿಮೆಯಾದರು, ಕೂಲಿ ಏರಿತು, ಬೇರೆಡೆ ಒಳ್ಳೆಯ ಭೂಮಿ ಬೀಳು ಬಿದ್ದಿತು. ಗುಡ್ಡದ ಮೇಲಿನ ಊರಿನಲ್ಲಿ ಯಾಕೆ ಒದ್ದಾಡಬೇಕು ಎಂದು ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿದರು. ಬೆಳೆ ತಿನ್ನುವ ಬಾಯಿ ಕಡಿಮೆಯಾದಾಗ ಧಾನ್ಯಕ್ಕೆ ಬೆಲೆ ಇಲ್ಲ, ಉಣ್ಣೆಗೆ ಇದೆ.

ಉಣ್ಣೆಯ ಲೆಕ್ಕವೇ ಒಂದು ಬೆರಗು. ಪ್ಲೇಗಿಗೆ ಮೊದಲೇ, 14ನೇ ಶತಮಾನದ ಆರಂಭದ ಒಳ್ಳೆಯ ವರ್ಷಗಳಲ್ಲಿ ಇಂಗ್ಲೆಂಡ್ ಹೊರದೇಶಕ್ಕೆ ನಲವತ್ತು ಸಾವಿರ ಮೂಟೆ ಉಣ್ಣೆ ಸಾಗಿಸುತ್ತಿತ್ತು. ಒಂದು ಮೂಟೆ 364 ಪೌಂಡು, ಅಂದರೆ 165 ಕಿಲೊ. ಒಂದು ತುಂಬಲು ಇನ್ನೂರಕ್ಕೂ ಹೆಚ್ಚು ಕುರಿಯ ತುಪ್ಪಟ ಬೇಕು. ಗುಣಿಸಿದರೆ ಎಂಬತ್ತು ಲಕ್ಷ ಕುರಿ ದಾಟುತ್ತದೆ, ಅದೂ ರಫ್ತಿಗೆ ಮಾತ್ರ. 1500ರ ಹೊತ್ತಿಗೆ ಜನಸಂಖ್ಯೆ ಇಪ್ಪತ್ತೈದು ಲಕ್ಷದ ಆಸುಪಾಸು. ತಲೆಗೆ ಮೂರು ಕುರಿ ಇದ್ದವು ಎಂಬ ಅಂದಾಜಿದೆ.

ಈಗ ಹಿಲ್ಟನ್ನನ ನಾಲ್ಕು ನೇಗಿಲಿಗೆ ಬನ್ನಿ. ಅಲ್ಲಿನ ಭಾರಿ ನೇಗಿಲಿಗೆ ಎಂಟು ಎತ್ತು ಕಟ್ಟುವುದು ರೂಢಿ. ಆ ಲೆಕ್ಕಕ್ಕೆ ನಾಲ್ಕಕ್ಕೆ ಮೂವತ್ತೆರಡು ಎತ್ತು, ಹೊಡೆಯಲು, ಹಿಡಿಯಲು ಆಳು, ಬಿತ್ತಲು, ಕಳೆ ತೆಗೆಯಲು, ಕೊಯ್ಯಲು ಇನ್ನಷ್ಟು ಕೈ. ಅದೇ ನೆಲದಲ್ಲಿ ಕೆಲವು ನೂರು ಕುರಿ ಬಿಟ್ಟರೆ ಒಬ್ಬ ಕುರುಬ ಮತ್ತು ಒಂದು ನಾಯಿ ಸಾಕು. ಧಣಿಗೆ ಇದರಲ್ಲಿ ದ್ವೇಷವೇನೂ ಬೇಕಾಗಿರಲಿಲ್ಲ, ಕೂಡಿ ಕಳೆಯುವುದು ಬಂದಿದ್ದರೆ ಸಾಕಿತ್ತು.

ಇದು ಒಂದೇ ಊರಿನ ಪಾಡೂ ಆಗಿರಲಿಲ್ಲ. ಸೇಂಟ್ ಮಾರ್ಟಿನ್ನಿಗೆ ಹೆಣ ಹೊತ್ತು ತರುತ್ತಿದ್ದದ್ದು ಐದು ಊರಿನವರು: ವಾರಮ್ ಪರ್ಸಿ, ತಿಕ್ಸೆಂಡೇಲ್, ರೇಸ್‌ಥಾರ್ಪ್, ಬರ್ಡೇಲ್, ಟೌಥಾರ್ಪ್. ಐದರಲ್ಲಿ ಊರಾಗಿ ಉಳಿದದ್ದು ತಿಕ್ಸೆಂಡೇಲ್ ಒಂದೇ. ಊರು ಹೋದ ಮೇಲೂ ಇಗರ್ಜಿ ನಾನೂರೈವತ್ತು ವರ್ಷ ನಿಂತಿತ್ತು. 1870ರಲ್ಲಿ ತಿಕ್ಸೆಂಡೇಲಿಗೆ ಸ್ವಂತದ್ದೊಂದು ಇಗರ್ಜಿಯಾದ ಮೇಲೆ ಇಲ್ಲಿಗೆ ಬರುವವರು ತೆಳುವಾದರು. 1949ರಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು, 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು. ಅಷ್ಟು ಹೊತ್ತಿಗೆ ಪಕ್ಕದಲ್ಲೇ ಅಗೆಯುವವರು ಬೀಡುಬಿಟ್ಟಿದ್ದರು.

ನಲವತ್ತು ವರ್ಷ ಅಗೆದರೂ ಅವರು ತೆರೆದದ್ದು ಊರಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೇ ವೇಗದಲ್ಲಿ ವಾರಮ್ ಪರ್ಸಿಯೊಂದನ್ನೇ ಮುಗಿಸಲು ನಾನೂರು ವರ್ಷಕ್ಕೂ ಹೆಚ್ಚು ಬೇಕು. ಮೂರು ಸಾವಿರ ಊರಿಗೆ ಹನ್ನೆರಡು ಲಕ್ಷ ವರ್ಷ, ವರದಿ ಬರೆಯುವ ಕಾಲ ಬೇರೆ.